ಚುಕ್ಕಿಯಿಟ್ಟ ಹಾಜರಿ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ಆ ಚುಕ್ಕಿಗಳು ಹಸಿರು ಶಾಯಿಯವೋ ಕೆಂಪು ಶಾಯಿಯವೋ ನನಗೆ ಖಾತ್ರಿಯಿಲ್ಲ. ಹಸಿರು ಅಂತ ಮನಸ್ಸು ಹೇಳುತ್ತದೆ. ಆದರೆ ಎಷ್ಟೋ ಸಂಗತಿಗಳಿಗೆ ನನ್ನ ಮನಸ್ಸು ಆಮೇಲೆ ಬಣ್ಣ ಬಳಿದದ್ದನ್ನು ನಾನೇ ಹಿಡಿದಿದ್ದೇನೆ. ಹಸಿರು ಶಾಯಿ ದೊಡ್ಡ ಸಾಹೇಬರಿಗೆ ಮಾತ್ರ ಅಂತ ಕಚೇರಿಗಳಲ್ಲಿ ಒಂದು ನಂಬಿಕೆಯಿದೆ. ನಾವು ಅಕ್ಕೋರು ಅನ್ನುತ್ತಿದ್ದ ಶಿಕ್ಷಕಿಯ ಕೈಗೆ ಹಸಿರು ಪೆನ್ನು ಕೊಟ್ಟರೆ ಚೆನ್ನಾಗಿ ಕಾಣುತ್ತದೆಂದು ನಾನೇ ಕೊಟ್ಟಿರಬಹುದು. ಆ ವರ್ಷದ ದಿನಚರಿ ತೆಗೆದು ನೋಡಿದೆ. ಬಸ್ಸು ತಡವಾದದ್ದು, ತಲೆನೋವು, ಯಾರೋ ನನ್ನ ಅಕ್ಷರ ಹೊಗಳಿದ್ದು, ಎಲ್ಲ ಇವೆ. ಚುಕ್ಕಿಯ ಬಣ್ಣ ಇಲ್ಲ.

ಅಕ್ಕೋರು ತೀರಿಕೊಂಡ ಖಬರ ಕೊಟ್ಟದ್ದು ಮಾಮಾ, ನನ್ನ ತಾಯಿಯ ತಮ್ಮ. ಶಿರಹಟ್ಟಿಯಲ್ಲಿ ಮನೆ. ಮಾಗಡಿ ಕೆರೆಯಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಸರಕಾರಿ ಸಾಲಿಗೆ ಹೆಡ್‌ಮಾಸ್ತರು. ಫೋನಿನಲ್ಲಿ ಮೊದಲು ಸಾವಿನ ಸುದ್ದಿ, ಅದರ ಬೆನ್ನಿಗೇ ಕೆಲಸ.

"ಹತ್ತ ಸಾಲು ಬರದ ಕೊಡವಾ. ಗೇಟಿನ ಮುಂದ ಫ್ಲೆಕ್ಸ್ ಹಾಕಸ್ತೀವಿ. ಮಕ್ಕಳ ಸರ್ವಾಂಗೀಣ ವಿಕಾಸ, ಸಂತಸದಾಯಕ ವಾತಾವರಣ, ಇವೆರಡು ಬರಬೇಕ ನೋಡು. ಇಲಾಖೆಯ ಆ ಕಾರ್ಯಕ್ರಮಕ್ಕ ಅಕ್ಕೋರ ರೂವಾರಿ ಅಂತ ಬರಿ."

"ಅದ ಕಾರ್ಯಕ್ರಮದಾಗ ಅವರಿಗೆ ನೋಟೀಸ್ ಬಂದಿತ್ತಲ್ಲ ಮಾಮಾ?"

"ಹೋದವರ ಬಗ್ಗೆ ಅದನ್ಯಾಕ ತಗೀತಿ ಈಗ" ಅಂದ ಮಾಮಾ. ನೋಟೀಸನ್ನು ಅಕ್ಕೋರೇ ಬರೆದು ತಮಗೆ ತಾವೇ ಕಳಿಸಿಕೊಂಡಿದ್ದರು ಅನ್ನುವಷ್ಟು ಬೇಸರ ಅವನ ದನಿಯಲ್ಲಿತ್ತು.

ಹತ್ತು ಸಾಲು ಬರೆಯಲು ಕೂತವಳು ಇದನ್ನು ಬರೆಯುತ್ತಿದ್ದೇನೆ. ಇದು ಫ್ಲೆಕ್ಸಿಗೆ ಹಿಡಿಸುವುದಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಟಗೇರಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ವರ್ಷ ಮಾಮಾ ನನ್ನನ್ನು ತನ್ನ ಸಾಲಿಗೆ ಅತಿಥಿ ಶಿಕ್ಷಕಿಯಾಗಿ ಕರೆಸಿಕೊಂಡ. ಸಾಲಿಯಲ್ಲಿ ಅವನನ್ನು ಸರ ಅನ್ನಬೇಕು, ನೀವು ಅನ್ನಬೇಕು. ಬಸ್ಸಿನಿಂದ ಇಳಿದ ಕೂಡಲೇ ನಾಲಿಗೆ ಬದಲಿಸಿಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಎದುರು ದಿಕ್ಕಿನಿಂದ ಲಕ್ಷ್ಮೇಶ್ವರದ ಬಸ್ಸು ಬರುತ್ತಿತ್ತು. ಅದರಿಂದ ಗಿಡ್ಡನೆಯ, ದುಂಡನೆಯ ಅಕ್ಕೋರು ಇಳಿಯುತ್ತಿದ್ದರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಗೋಡೆಗೆ ಮುಖ ಮಾಡಿ ಒಂದು ಚಿಟಿಕೆ ತಪಕೀರು ಮೂಗಿಗೇರಿಸಿ, ಎರಡು ಸಲ ಸೀನಿ, ಕಣ್ಣು ಒರೆಸಿಕೊಂಡು ಸಾಲಿಯ ಕಡೆ ತಿರುಗುತ್ತಿದ್ದರು. ಆ ಸೀನು ಕೇಳಿದ ಮೇಲೆ ಗಂಟೆ ಹೊಡೆಯುವ ಅಗತ್ಯ ಬೀಳುತ್ತಿರಲಿಲ್ಲ.

ಅವರ ತಂದೆ ಬಳೆಗಾರರು. ಊರೂರು ತಿರುಗಿ ಹೆಣ್ಣುಮಕ್ಕಳಿಗೆ ಬಳೆ ಇಡಿಸುತ್ತಿದ್ದವರು. "ಮಾರಿ ಸುಳ್ಳ ಹೇಳತೈತಿ, ಕೈ ಹೇಳಂಗಿಲ್ಲ ಅಂತಿದ್ದ ನಮ್ಮಪ್ಪ" ಅಂತ ಅಕ್ಕೋರು ಹೇಳುತ್ತಿದ್ದರು. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಕೈ ನೋಡುವುದು ಅವರ ಚಾಳಿ. ಮೊದಲ ದಿನ ನನ್ನ ಕೈ ನೋಡಿ, "ಬರೇ ಬರದ ಕೈ" ಅಂದರು. ಹೊಗಳಿಕೆ ಅಂದುಕೊಂಡೆ. ದಿನಚರಿಯಲ್ಲಿ ಹೊಗಳಿಕೆಯೆಂದೇ ಬರೆದಿಟ್ಟಿದ್ದೇನೆ.

ಬೇರೆ ಕಡೆ ಹಾಜರಿ ಕರೆದರೆ ಮಕ್ಕಳು "ಹಾಜರ್ ಸರ್" ಅನ್ನುತ್ತಾರೆ. ಅಕ್ಕೋರ ಆರನೇ ಇಯತ್ತೆಯಲ್ಲಿ ತಮ್ಮ ಹೆಸರು ಬಂದಾಗ ಬೆಳಿಗ್ಗೆ ಏನು ತಿಂದು ಬಂದೆ ಅಂತ ಹೇಳಬೇಕಿತ್ತು.

"ಬಸವರಾಜ."

"ರೊಟ್ಟಿರಿ. ಪುಂಡಿಪಲ್ಯಾರಿ."

"ಮಾಬೂಬಿ."

"ಸುಸಲಾರಿ. ನಿನ್ನೀದು."

"ಶರಣಪ್ಪ."

"ಚಾರಿ."

"ಚಾದ ಜೋಡಿ?"

"ಇನ್ನೊಂದ ಚಾರಿ."

ಶರಣಪ್ಪನ ಹೆಸರಿನ ಮುಂದಿನ ಚೌಕದಲ್ಲಿ, ಹಾಜರಿ ಗುರುತಿನ ಕೆಳಗೆ, ಒಂದು ಚುಕ್ಕಿ. ಒಂದು ಚುಕ್ಕಿಯೆಂದರೆ ಹೊಟ್ಟೆ ಖಾಲಿ. ಎರಡು ಚುಕ್ಕಿಯೆಂದರೆ ಹೇಳಿದ್ದು ಸುಳ್ಳು. ಮೂರು ಬಿದ್ದರೆ ಆ ಸಂಜೆ ಅಕ್ಕೋರು ಲಕ್ಷ್ಮೇಶ್ವರದ ಬಸ್ಸು ಬಿಟ್ಟು ಆ ಮನೆಗೆ ಹೋಗುತ್ತಾರೆ ಅಂತ ಅರ್ಥ. ಹುಡುಗರು ಅಂಕಗಳಿಗಿಂತ ಈ ಚುಕ್ಕಿಗಳಿಗೆ ಹೆಚ್ಚು ಹೆದರುತ್ತಿದ್ದರು.

ಮನೆಯೊಳಗಿನ ಸುದ್ದಿಯೆಲ್ಲ ಅವರಿಗೆ ತಿಂಡಿಯಲ್ಲೇ ಸಿಗುತ್ತಿತ್ತು. ಅಂಗಡಿಯ ಖಾರಾ ಚುನಮರಿ ಅಂದರೆ ತಾಯಿ ತವರಿಗೆ ಹೋಗಿದ್ದಾಳೆ. ಸೋಮವಾರ ಬೆಳಿಗ್ಗೆ ಕೋಳಿ ಸಾರು ಅಂದರೆ ನಿನ್ನೆ ಬೀಗರು ಬಂದಿದ್ದರು, ಹುಡುಗನಿಗೆ ನಿದ್ದೆಯಾಗಿಲ್ಲ, ಗಣಿತ ಕೇಳಬಾರದು. ಮೂರು ದಿನ ಬರೀ ಅನ್ನ ಅಂದರೆ ರೊಟ್ಟಿ ಬಡಿಯುವವರ ಕೈಗೆ ಏನೋ ಆಗಿದೆ.

ನನಗೆ ಇದು ಸರಿಕಾಣಲಿಲ್ಲ. ಎಂ.ಎ. ಓದಿದವಳು. "ಇದು ಮಕ್ಕಳ ಖಾಸಗಿ ವಿಷಯ ಅಲ್ಲೇನ್ರಿ ಅಕ್ಕೋರ? ಎಲ್ಲಾರ ಮುಂದ ಕೇಳಿದ್ರ ಅವಮಾನ ಆಗೂದಿಲ್ಲೇನ್ರಿ?" ಅಂದೆ.

ಅವರು ನನ್ನ ಕಡೆ ತಿರುಗಿದರು. "ನೀ ಏನ ತಿಂದ ಬಂದೀಯವಾ?"

"ಬಿಸ್ಕೀಟ್ರಿ."

"ಅದಕ್ಕ ಹಿಂಗ ಮಾತಾಡ್ತಿ."

ನನ್ನ ಆಕ್ಷೇಪದಲ್ಲಿ ಹುರುಳಿತ್ತು ಅಂತ ಈಗಲೂ ಅನಿಸುತ್ತದೆ. ಎಲ್ಲರೆದುರು ಕೇಳಿದ್ದಕ್ಕೇ ಒಬ್ಬ ಹುಡುಗಿ ಸುಳ್ಳು ಹೇಳಿದಳು. ಅದಕ್ಕೆ ಬರುತ್ತೇನೆ.

ಅಕ್ಕೋರನ್ನು ದೇವರ ಕಟ್ಟೆಯ ಮೇಲೆ ಕೂಡಿಸುವ ಇರಾದೆ ನನಗಿಲ್ಲ. ಆ ಕೆಲಸವನ್ನು ಫ್ಲೆಕ್ಸ್ ಮಾಡುತ್ತದೆ. ಊಟದ ನಂತರದ ಅವಧಿಯಲ್ಲಿ "ಮನಸ್ಸಿನ್ಯಾಗ ಓದ್ರಿ" ಅಂತ ಹೇಳಿ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಭಿನ್ನರಾಶಿಯನ್ನು ರೊಟ್ಟಿ ಹರಿದು ಕಲಿಸುತ್ತಿದ್ದರು, ದಶಮಾಂಶ ಬಂದ ಕೂಡಲೇ ಪುಸ್ತಕವನ್ನು ನನ್ನ ಕೈಗೆ ದಾಟಿಸುತ್ತಿದ್ದರು. ಮಾತು ಒರಟು. ಯಾರ ಮನೆಯ ಗುಟ್ಟೂ ಅವರ ಬಾಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಇಲಾಖೆಯ ಹೊಸ ಕಾರ್ಯಕ್ರಮ ಬಂತು. ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಒಂದೇ ವರ್ಷದಲ್ಲಿ ಅದರ ಹೆಸರು ಮೂರು ಸಲ ಬದಲಾಯಿತು. ಸಾಲಿಯ ವಾತಾವರಣ ಸಂತಸದಿಂದಿರಬೇಕು, ಮಗುವನ್ನು ಇಡಿಯಾಗಿ ನೋಡಬೇಕು ಅನ್ನುವುದು ಅದರ ಸಾರ. ಸಾರದಲ್ಲಿ ಯಾವ ತಪ್ಪೂ ಇರಲಿಲ್ಲ. ಅಕ್ಕೋರನ್ನೂ ನನ್ನನ್ನೂ ಗದಗಿಗೆ ತರಬೇತಿಗೆ ಕಳಿಸಿದರು. ತರಬೇತಿದಾರರು ಗೋಡೆಯ ಮೇಲೆ ಐದು ಎಸಳಿನ ಹೂವು ತೋರಿಸಿದರು. ದೈಹಿಕ, ಬೌದ್ಧಿಕ, ಭಾವನಾತ್ಮಕ, ಸಾಮಾಜಿಕ, ನೈತಿಕ. ನಡುವೆ ನಗುವ ಮುಖ. ಅದು ಸಮಗ್ರ ಮಗು.

ಅಕ್ಕೋರು ಎದ್ದು ನಿಂತರು. "ಇದರಾಗ ಹೊಟ್ಟಿ ಯಾವ ಎಸಳಿಗೆ ಬರತೈತ್ರಿ ಸರ?"

"ದೈಹಿಕದೊಳಗ ಬರ್ತದ ಮೇಡಂ."

"ಹಂಗಾರ ಉಳಿದ ನಾಕ ಎಸಳು ಉಪವಾಸ ಏನ್ರಿ?"

ಸಭೆ ನಕ್ಕಿತು. ಇದನ್ನು ನಾನು ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ಮೊನ್ನೆ ಅಸುಂಡಿಯ ಮಾಸ್ತರೊಬ್ಬರು ಸಿಕ್ಕು, ಆ ಪ್ರಶ್ನೆ ಕೇಳಿದ್ದು ತಾವೇ ಅಂದರು. ನಾನು ವಾದಿಸಲಿಲ್ಲ. ಅಲ್ಲಿ ಊಟಕ್ಕೆ ಪುಲಾವ್ ಇತ್ತು ಅನ್ನುವುದಷ್ಟೇ ನನಗೆ ಖಚಿತ, ಯಾಕೆಂದರೆ ಅದು ದಿನಚರಿಯಲ್ಲಿದೆ.

ತರಬೇತಿಯ ಮೇಲೆ ಮಾಮಾ ಉತ್ಸಾಹದಿಂದ ಕೆಲಸಕ್ಕೆ ಬಿದ್ದ. ಕೆಟ್ಟವನಲ್ಲ ಅವನು. ಹುಡುಗರ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿಲ್ಲ. ಆದರೆ ಮೇಲಿನಿಂದ ಬಂದ ಕಾಗದ ಅಂದರೆ ಅವನಿಗೆ ನಡುಕ. ದೂರು ಪೆಟ್ಟಿಗೆ ಬಂತು, ಬೀಗದ ಸಮೇತ. ಕೀಲಿ ಕಳೆದುಹೋದದ್ದರಿಂದ ಒಂದು ದೂರೂ ಹೊರಗೆ ಬರಲಿಲ್ಲ. ಸಂತಸದ ಮೂಲೆ ಬಂತು: ಒಂದು ಜಮಖಾನೆ, ಒಂದು ಕನ್ನಡಿ. ಆಮೇಲೆ ಮನಸ್ಸಿನ ಫಲಕ. ಪ್ರತಿ ಮಗು ಬೆಳಿಗ್ಗೆ ತನ್ನ ಹೆಸರಿನ ಮುಂದೆ ಒಂದು ಮುಖದ ಚೀಟಿ ಅಂಟಿಸಬೇಕು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ, ಮೂರು ಬಗೆಯ ಚೀಟಿಗಳ ಕಟ್ಟು ಬಂದಿತ್ತು. ಮಾಮಾ ಒಂದು ದಿನ ನೋಡಿದ. ಮೂವರು ಅಳುವ ಮುಖ ಅಂಟಿಸಿದ್ದರು. ಮರುದಿನ ಅಳುವ ಮುಖಗಳ ಕಟ್ಟನ್ನೂ ಸುಮ್ಮನಿರುವ ಮುಖಗಳ ಕಟ್ಟನ್ನೂ ತನ್ನ ಕೋಣೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ.

"ವಾತಾವರಣ ಅಂದ್ರ ಏನ ತಿಳದಿ? ನೋಡಾಕ ಬಂದವರಿಗೆ ಕಾಣಬೇಕದು" ಅಂದ ನನಗೆ.

ಈಗ ಆ ಹುಡುಗಿ. ಗಿರಿಜಾ ಅಂತ. ಆರನೇ ಇಯತ್ತೆಯಲ್ಲಿ ಎಲ್ಲರಿಗಿಂತ ಸಣ್ಣ ದೇಹ, ಎಲ್ಲರಿಗಿಂತ ದೊಡ್ಡ ಬಾಯಿ. ಹಾಜರಿಗೆ ಅವಳ ಉತ್ತರ ದಿನವೂ ಒಂದೇ. "ರೊಟ್ಟಿರಿ, ಬದನಿಕಾಯಿ ಪಲ್ಯಾರಿ." ಹತ್ತು ಹನ್ನೆರಡು ದಿನ ಅಕ್ಕೋರು ಕೇಳಿಸಿಕೊಂಡರು.

"ಏನ ಗಿರಿಜವ್ವಾ, ಬದನಿಗಿಡದ ಕೆಳಗ ಒಲಿ ಹೂಡೀರೇನ? ಬಾ ಇಲ್ಲೆ. ಕೈ ತೋರಸು."

ಅವಳು ಬೆನ್ನ ಹಿಂದೆ ಕೈ ಕಟ್ಟಿದಳು. ಅಕ್ಕೋರು ಎಳೆದು ನೋಡಿದರು. ಬೆರಳುಗಳ ಮೇಲೆ, ಮಣಿಕಟ್ಟಿನ ಒಳಗೆ, ಕಾದ ಹಂಚಿನ ಅಂಚು ತಾಗಿದ ಸಣ್ಣ ಸಣ್ಣ ಸುಟ್ಟ ಗೆರೆಗಳು. ಕೆಲವು ಹಳೆಯವು, ಒಂದು ಆ ದಿನದ್ದು.

"ರೊಟ್ಟಿ ಬಡಿಯಾಕಿ ಯಾರ?"

"ನಾನ್ರಿ. ಅವ್ವ ಗೋವಾಕ್ಕ ದುಡಿಯಾಕ ಹೋಗ್ಯಾಳ್ರಿ."

"ಉಣ್ಣಾವರು?"

"ಮುತ್ಯಾರಿ. ತಮ್ಮಗೋಳು ಇಬ್ರು."

"ನೀ?"

"ಅಷ್ಟರಾಗ ಸಾಲಿ ಗಂಟಿ ಆಗಿಬಿಡತೈತ್ರಿ" ಅಂದಳು ಗಿರಿಜಾ, ತಪ್ಪು ಗಂಟೆಯದು ಅನ್ನುವಂತೆ.

ಆ ಸಂಜೆ ಅಕ್ಕೋರು ಅವಳ ಮನೆಗೆ ಹೋಗಿ ಬಂದರು. ಮರುದಿನ ನನಗೆ ಹೇಳಿದ್ದು ಇಷ್ಟು: "ಜ್ವಾಳ ಐತಿ, ಬ್ಯಾಳಿ ಐತಿ, ಹಿಟ್ಟಿನ ಡಬ್ಬಿ ತುಂಬೇತಿ. ಇಲ್ಲದ್ದು ಒಂದ. ಆಕಿಗೆ 'ಕುಂತ ಉಣ್ಣವಾ' ಅನ್ನಾವರು."

ಅಂದಿನಿಂದ ಹೊಸ ನಿಯಮ ಶುರುವಾಯಿತು. ಮನೆಯಲ್ಲಿ ಉಣ್ಣಲಾಗದವರು ರೊಟ್ಟಿ ಕಟ್ಟಿಕೊಂಡು ಬರಬೇಕು. ಪ್ರಾರ್ಥನೆಯಾದ ಮೇಲೆ ಮೊದಲ ಕಾಲು ಗಂಟೆ ಕೂತು ಉಣ್ಣಬೇಕು, ಆಮೇಲೆಯೇ ಹಾಜರಿ. ಗಿರಿಜಾ ಅರಿವೆಯಲ್ಲಿ ಸುತ್ತಿದ ರೊಟ್ಟಿ ತರತೊಡಗಿದಳು. ಒಬ್ಬಳೇ ಉಂಡರೆ ನಾಚಿಕೆಯೆಂದು ಇನ್ನೂ ನಾಲ್ವರು ಉಂಡು ಬಂದವರೂ ತಂದರು. ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗುತ್ತಿತ್ತು. ನಾನೂ ಬಿಸ್ಕೀಟು ಬಿಟ್ಟೆ. ಗಿರಿಜಾಳ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇರುತ್ತಿತ್ತು. ಅಕ್ಕೋರು ಅದನ್ನು ಎತ್ತಿ ಹಿಡಿದು "ಇದು ಕರ್ನಾಟಕದ ನಕಾಶೆ, ಮಕ್ಕಳ್ರಾ, ಗದಗ ತೋರಸ್ರಿ" ಅನ್ನುತ್ತಿದ್ದರು. ಗಿರಿಜಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಹಿಂದಿನ ರಂಜಾನಿನಲ್ಲಿ ಜ್ವರ ಬಂದು ಅಕ್ಕೋರಿಗೆ ಕೆಲವು ರೋಜಾ ತಪ್ಪಿದ್ದವು. ಅವುಗಳನ್ನು ಚಳಿಗಾಲದ ಸಣ್ಣ ಹಗಲುಗಳಲ್ಲಿ ತೀರಿಸುತ್ತಿದ್ದರು. ಉಪವಾಸದ ದಿನ ತಪಕೀರೂ ಇಲ್ಲ, ಹಾಗಾಗಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಥ ಒಂದು ದಿನ ಹಾಜರಿ ಮುಗಿದ ಮೇಲೆ ಗಿರಿಜಾ ಎದ್ದು ನಿಂತಳು.

"ಅಕ್ಕೋರ, ನೀವೇನ ಉಂಡ ಬಂದ್ರಿ?"

"ಏನಿಲ್ಲ. ಕುಂಡ್ರ."

"ಹಂಗಾರ ನಿಮಗೂ ಚುಕ್ಕಿ."

ತರಗತಿಯೆಲ್ಲ ನಕ್ಕಿತು. ಅಕ್ಕೋರೂ ನಕ್ಕರು. ಹುಡುಗಿ ಆಡಿದಂತೆಯೇ ಮಾಡಿದಳು. ಮಧ್ಯಾಹ್ನ ಹೆಡ್‌ಮಾಸ್ತರ ಕೋಣೆಗೆ ಸೀಮೆಸುಣ್ಣ ತರಲು ಹೋದವಳು ಶಿಕ್ಷಕರ ಹಾಜರಿ ಪುಸ್ತಕ ತೆಗೆದು, ಅಕ್ಕೋರ ಸಹಿಯ ಕೆಳಗೆ ಒಂದು ಚುಕ್ಕಿ ಇಟ್ಟು ಬಂದಳು. ಅಕ್ಕೋರು ಮರುದಿನ ನೋಡಿದರು. ಅಳಿಸಲಿಲ್ಲ.

ನಮ್ಮ ಸಾಲಿಯ ತಪಾಸಣೆ ಎಂದೂ ಬೇಸಿಗೆಯಲ್ಲಿ ಬಂದದ್ದಿಲ್ಲ. ಮಾಗಡಿ ಕೆರೆಗೆ ಹೊರನಾಡಿನ ಬಾತುಗಳು ಇಳಿದ ಮೇಲೆ ಅಧಿಕಾರಿಗಳೂ ಇಳಿಯುತ್ತಿದ್ದರು, ಕೊರಳಲ್ಲಿ ದುರ್ಬೀನು, ಜತೆಗೆ ಹೆಂಡತಿ ಮಕ್ಕಳು. ಆ ಜನವರಿಯಲ್ಲಿ ಬಂದ ಸಾಹೇಬರು ಬೆಳಿಗ್ಗೆ ಹಕ್ಕಿ ನೋಡಿ, ಹನ್ನೊಂದಕ್ಕೆ ನಮ್ಮನ್ನು ನೋಡಿದರು. ಸಂತಸದ ಮೂಲೆ ನೋಡಿ ಸಂತೋಷಪಟ್ಟರು. ಫಲಕದ ತುಂಬ ನಗುವ ಮುಖಗಳು. ಒಂದು ಫೋಟೋ ತೆಗೆದುಕೊಂಡರು. ಆಮೇಲೆ ಹಾಜರಿ ಪುಸ್ತಕ ತೆರೆದರು.

"ಏನ್ರೀ ಇವು, ನೊಣ ಕುಂತಂಗ?"

ಅಕ್ಕೋರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಾಹೇಬರು ಪುಟ ತಿರುವುತ್ತ ಹೋದರು. ಅವರ ಮುಖದಲ್ಲಿ ಮೊದಲ ಸಲ ನಿಜವಾದ ಆಸಕ್ತಿ ಕಂಡಿತು. "ಅಂದ್ರ ಮಕ್ಕಳು ಹಸಕೊಂಡ ಬರ್ತಾರ ಅಂತ ಸರಕಾರಿ ದಾಖಲೆಯೊಳಗ ನೀವ ಬರದಿಟ್ಟೀರಿ?" ಅಂದರು. ಮಾಮಾ ಬೆವರಿದ. ಅಷ್ಟರಲ್ಲಿ ಶಿಕ್ಷಕರ ಪುಸ್ತಕದಲ್ಲೂ ಚುಕ್ಕಿ ಸಿಕ್ಕಿತು. ತಡವಾಗಿ ಬಂದದ್ದಕ್ಕೆ ಒಳಗೊಳಗೇ ಮಾಡಿಕೊಂಡ ಗುರುತು ಅಂತ ಅವರ ಗುಮಾನಿ.

ವಾರದೊಳಗೆ ನೋಟೀಸು. ದಾಖಲೆಗಳಲ್ಲಿ ಅನಧಿಕೃತ ಚಿಹ್ನೆಗಳನ್ನು ನಮೂದಿಸಿದ್ದಕ್ಕೆ ಸಮಜಾಯಿಷಿ ಕೊಡಬೇಕು. ಅಕ್ಕೋರು ಬರೆದ ಉತ್ತರ ನನಗೆ ಬಾಯಿಪಾಠವಿದೆ ಅಂದುಕೊಂಡಿದ್ದೇನೆ: "ನನ್ನ ಹೆಸರಿನ ಕೆಳಗಿನ ಚುಕ್ಕಿಯನ್ನು ವಿದ್ಯಾರ್ಥಿನಿ ಇಟ್ಟಿದ್ದಾಳೆ. ಆ ದಿನ ನಾನು ಏನೂ ತಿಂದಿರಲಿಲ್ಲ. ಚುಕ್ಕಿ ಸರಿಯಾಗಿದೆ." ಮಾಮಾ ಅದನ್ನು ಓದಿ ತಲೆಯ ಮೇಲೆ ಕೈ ಹೊತ್ತು ಕೂತ.

ಉತ್ತರಕ್ಕೆ ಬಂದ ಉತ್ತರ ನಿಯೋಜನೆಯ ಆದೇಶ. ಫೆಬ್ರುವರಿ ಒಂದರಿಂದ ಮುಂಡರಗಿ ಕಡೆಯ ಒಂದು ಸಾಲಿಗೆ ಎರಡು ತಿಂಗಳು. ಮಾರ್ಚ್ ಕೊನೆಗೆ ಅವರ ನಿವೃತ್ತಿ.

ಹೋಗುವ ದಿನ ಅಕ್ಕೋರು ಪುಸ್ತಕ ನನ್ನ ಕೈಗೆ ಕೊಟ್ಟರು. "ಹೆಸರು ಕೂಗಿದ್ರ ಸಾಕಾಗಂಗಿಲ್ಲ. ಕೇಳು" ಅಂದರು. ಹೂಂ ಅಂದೆ.

ಆ ಶನಿವಾರ ಮಾಮಾ ಹೊಸ ಹಾಜರಿ ಪುಸ್ತಕ ತಂದು ನನ್ನ ಮುಂದಿಟ್ಟ. ಜೂನಿನಿಂದ ಜನವರಿಯವರೆಗಿನದನ್ನು ಚೊಕ್ಕಾಗಿ ಮತ್ತೆ ಬರೆಯಬೇಕು, ಚುಕ್ಕಿ ಬಿಟ್ಟು. ಉತ್ತಮ ವಾತಾವರಣದ ಸಾಲಿಗೆ ತಾಲೂಕಿನಲ್ಲಿ ಪ್ರಶಸ್ತಿ ಕೊಡುತ್ತಾರೆ, ನಮ್ಮ ಹೆಸರು ಪಟ್ಟಿಯಲ್ಲಿದೆ. "ನಿನ್ನ ಅಕ್ಷರ ಮುತ್ತಿನಂಗ ಅದಾವ. ಮತ್ತ ಪರಿಶೀಲನೆ ಮುಗಿಯೂತನಕ ಯಾರದೂ ಗೈರು ತೋರಸಬ್ಯಾಡ."

ನಾನು ವಿರೋಧಿಸಿದೆನೇ? ವಿರೋಧಿಸಿದ ಹಾಗೆ ನೆನಪು. "ಮಾಮಾ, ಇದು ಸುಳ್ಳಲ್ಲೇನು" ಅಂದ ಹಾಗೆ, ಅವನು "ಗುರುತು ಬಿಡೂದು ಸುಳ್ಳ ಹೆಂಗ ಆಕ್ಕೈತಿ" ಅಂದ ಹಾಗೆ. ದಿನಚರಿಯಲ್ಲಿ ಆ ಭಾನುವಾರದ ಸಾಲು ಇಷ್ಟೇ: "ಹಾಜರಿ ಪುಸ್ತಕ ಬರೆದು ಮುಗಿಸಿದೆ. ಕೈನೋವು. ಮಾಮಾ ಅಕ್ಷರ ಹೊಗಳಿದ."

ಅಕ್ಕೋರ ರೊಟ್ಟಿಯ ಕಾಲು ಗಂಟೆಯ ಜಾಗಕ್ಕೆ ಸಂತಸದ ಅವಧಿ ಬಂತು. ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ, ತುಟಿಯಲ್ಲಿ ನಗು ತಂದುಕೊಳ್ಳಬೇಕು. ಆ ಹೊತ್ತಿನಲ್ಲಿ ಏನನ್ನೂ ತಿನ್ನಬಾರದು, ಏಕಾಗ್ರತೆ ಕೆಡುತ್ತದೆ. ಹಾಜರಿಗೆ "ಸಂತಸದಿಂದಿದ್ದೇನೆ" ಅನ್ನಬೇಕು. ಪ್ರಾರ್ಥನೆ ಶುರುವಾದ ಕೂಡಲೇ ಗೇಟು ಮುಚ್ಚಬೇಕು. ತಡವಾಗಿ ಬಂದವರು ಸಂತಸ ಮುಗಿಯುವವರೆಗೆ ಹೊರಗೆ.

ಮುತ್ಯಾನಿಗೂ ತಮ್ಮಂದಿರಿಗೂ ಉಣಿಸಿ ಬರುವ ಗಿರಿಜಾ ತಡವಾಗುತ್ತಿದ್ದಳು. ಅರಿವೆಯ ಗಂಟು ಎದೆಗೆ ಒತ್ತಿಕೊಂಡು ಗೇಟಿನ ಸರಳುಗಳ ಆಚೆ ನಿಂತಿರುತ್ತಿದ್ದಳು. ನನಗೆ ಕಾಣುತ್ತಿತ್ತು. ಮಕ್ಕಳಿಗೆ ಕಣ್ಣು ಮುಚ್ಚಿಸುವವಳು ನಾನು, ನನ್ನ ಕಣ್ಣು ತೆರೆದೇ ಇರುತ್ತಿತ್ತು. ಒಂದು ದಿನ ಗೇಟು ತೆಗೆಯಲೆಂದು ಎದ್ದೆ. ಮಾಮಾ ವರಾಂಡದಲ್ಲಿ ಮೊಬೈಲು ಹಿಡಿದು ಸಂತಸದ ಅವಧಿಯ ವಿಡಿಯೋ ತೆಗೆಯುತ್ತಿದ್ದ, ಕೈಸನ್ನೆ ಮಾಡಿದ. ಕೂತೆ. ಅವಳು ಹೀಗೆ ನಿಂತದ್ದು ನಾಲ್ಕೈದು ದಿನ ಅಂತ ನೆನಪು. ಎರಡು ವಾರವೂ ಇರಬಹುದು. ಪುಸ್ತಕದಲ್ಲಿ ನೋಡಿ ಹೇಳೋಣವೆಂದರೆ ಪುಸ್ತಕ ಬರೆದವಳು ನಾನೇ. ಅದರಲ್ಲಿ ಅವಳು ದಿನವೂ ಬಂದಿದ್ದಾಳೆ.

ಆಮೇಲೆ ಅವಳು ಗೇಟಿಗೂ ಬರಲಿಲ್ಲ. ಮಗು ಸತತವಾಗಿ ಗೈರಾದರೆ ಮನೆಗೆ ಹೋಗಿ ವಿಚಾರಿಸಬೇಕು ಅಂತ ನಿಯಮವಿದೆ, ಒಳ್ಳೆಯ ನಿಯಮ. ಗಿರಿಜಾ ಗೈರಾಗಿರಲಿಲ್ಲ. ಹಾಗಾಗಿ ಯಾರೂ ಹೋಗಲಿಲ್ಲ.

ಪ್ರಶಸ್ತಿ ಬಂತು. ಮಾರ್ಚ್ ಕೊನೆಗೆ ಅಕ್ಕೋರ ಬೀಳ್ಕೊಡುಗೆಯನ್ನೂ ಪ್ರಶಸ್ತಿಯ ಸಂಭ್ರಮವನ್ನೂ ಒಂದೇ ಶಾಮಿಯಾನದಲ್ಲಿ ಮುಗಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನೋಟೀಸು ಕೊಟ್ಟ ಸಾಹೇಬರೇ ಬಂದು, ಮಗುವಿನ ಹೃದಯವನ್ನು ಓದಬಲ್ಲ ಇಂಥ ಶಿಕ್ಷಕಿಯರು ಅಪರೂಪ ಅಂದರು. ಮೈಕು ಅಕ್ಕೋರ ಮುಂದೆ ಬಂತು.

"ಭಾಷಣ ನನಗ ಬರಂಗಿಲ್ರಿ. ಆರನೇ ಇಯತ್ತೆ ಹಾಜರಿ ಪುಸ್ತಕ ತರಸ್ರಿ. ಒಂದ ಸಲ ಕರದ ಹೋಗತೀನಿ."

ಸಭೆ ಚಪ್ಪಾಳೆ ತಟ್ಟಿತು. ಪುಸ್ತಕ ನಾನೇ ತಂದುಕೊಟ್ಟೆ.

"ಬಸವರಾಜ."

"ಸಂತಸದಿಂದಿದ್ದೇನೆ."

"ಅದನ್ನ ಯಾರ ಕೇಳಿದ್ರಲೇ? ಏನ ತಿಂದಿ?"

ಶಾಮಿಯಾನ ನಕ್ಕಿತು. ಬಸವರಾಜನೂ ಹಲ್ಲು ಬಿಟ್ಟ. "ಒಗ್ಗರಣಿರಿ!" ಮಾಬೂಬಿ ರೊಟ್ಟಿ ಜುಣಕ ಅಂದಳು. ಶರಣಪ್ಪ ಚಹಾ ಅಂದ. ಅವನ ತಾಯಿ ಹೆಂಗಸರ ಸಾಲಿನಿಂದ "ಸುಳ್ಳ ಹೇಳ್ತಾನ್ರಿ, ಎರಡ ರೊಟ್ಟಿ ತಿಂದಾನ" ಅಂತ ಕೂಗಿದಳು. ಸಾಹೇಬರು ಕೂಡ ನಕ್ಕರು.

"ಗಿರಿಜಾ."

ಮಕ್ಕಳು ಹಿಂದೆ ತಿರುಗಿ ನೋಡಿದರು.

"ಗಿರಿಜವ್ವಾ?"

ಶರಣಪ್ಪ ಎದ್ದ. "ಆಕಿ ಬರಂಗಿಲ್ರಿ ಅಕ್ಕೋರ. ಭಾಳ ದಿನ ಆತು."

ಅಕ್ಕೋರು ಪುಸ್ತಕದ ಮೇಲೆ ಬಾಗಿದರು. ಮಾರ್ಚ್ ನೋಡಿದರು, ಹಾಳೆ ತಿರುವಿ ಫೆಬ್ರುವರಿ ನೋಡಿದರು. ಹಿಂದಕ್ಕೆ ಹಿಂದಕ್ಕೆ ಹೋಗಿ ತಮ್ಮ ತಿಂಗಳುಗಳನ್ನು ನೋಡಿದರು. ಒಂದು ಚುಕ್ಕಿಯೂ ಇಲ್ಲದ ಬಿಳಿ ಪುಟಗಳು. ಆಮೇಲೆ ತಲೆಯೆತ್ತಿ ನನ್ನನ್ನು ಹುಡುಕಿ, ಮೈಕಿನ ಆಚೆಗೆ ಸರಿದು, ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದರು:

"ಅಕ್ಷರ ಭಾಳ ಚಂದ ಅದಾವವಾ."

ಅದು ಕುಟುಕು ಅಂತ ನಾನು ವರ್ಷಗಟ್ಟಲೆ ತಿಳಿದಿದ್ದೆ. ಈಗ ಅನುಮಾನ. ಅವರು ಒರಟಾಗಿ ಬಯ್ಯುತ್ತಿದ್ದರೇ ಹೊರತು ಕುಟುಕುತ್ತಿರಲಿಲ್ಲ. ಹೇಳಲು ಬೇರೇನೂ ಸಿಗದೆ ಹಾಗಂದಿರಬಹುದು.

ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ಹಾಗೆಯೇ ವೇದಿಕೆಯಿಂದ ಇಳಿದು ಊರ ತುದಿಗೆ ಹೊರಟರು. ನಾನು ಹಿಂದೆ ಹೋದೆ. ಗಿರಿಜಾಳ ಮನೆಗೆ ಬೀಗ. ಪಕ್ಕದ ಮನೆಯಾಕೆ, ಮುತ್ಯಾ ಮೊಮ್ಮಕ್ಕಳನ್ನು ಕರೆದುಕೊಂಡು ಮುಂಡರಗಿ ಕಡೆಯ ಮಗಳ ಮನೆಗೆ ಹೋಗಿದ್ದಾನೆ, ಹುಡುಗಿಯನ್ನು ಅಲ್ಲೇ ಸಾಲಿಗೆ ಹಾಕುತ್ತಾರಂತೆ ಅಂದಳು. ಆ ಪಕ್ಕದ ಮನೆಯಾಕೆಯ ಅತ್ತೆ ಒಳಗಿನಿಂದ, "ಎಲ್ಲೀ ಸಾಲಿ? ಉಳ್ಳಾಗಡ್ಡಿ ಕೀಳಾಕ ಹೊಂಟಾಳಂತ" ಅಂದಳು.

ಎರಡು ತಿಂಗಳು ಅಕ್ಕೋರು ಇದ್ದದ್ದೂ ಮುಂಡರಗಿ ಕಡೆಯೇ. ಅದನ್ನು ನೆನೆದರೋ ಏನೋ, ಬೀಗ ಹಾಕಿದ ಬಾಗಿಲಿನ ಮುಂದೆ ಹಣ್ಣಿನ ಬುಟ್ಟಿ ಇಟ್ಟು, ಮತ್ತೆ ಎತ್ತಿಕೊಂಡು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಂದು ಕೆಲಸ ಹೇಳಿದರು.

"ಅಲ್ಲೆ ಸಾಲಿಗೆ ಹಾಕಿದ್ರ ಟಿ.ಸಿ. ಬೇಕಾಕ್ಕೈತಿ. ಯಾರರೆ ಇಲ್ಲಿಗೆ ಬಂದ ಒಯ್ಯಬೇಕು. ಬಂದ್ರ ನನಗ ಒಂದ ಫೋನ್ ಮಾಡವಾ. ಬರಲಿಲ್ಲಂದ್ರ ಆಕಿ ಸಾಲಿ ಬಿಟ್ಟಾಳಂತ ಅರ್ಥ. ನಾ ಹೋಗಿ ಹುಡುಕ್ತೀನಿ."

ಟಿ.ಸಿ. ಪುಸ್ತಕ ಮಾಮಾನ ಕಪಾಟಿನಲ್ಲಿ. ಅಳುವ ಮುಖಗಳ ಚೀಟಿಗಳೂ ಅಲ್ಲೇ. ಮಾಮಾನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿದರೆ ಅವನು ಹಾಜರಿ ಪುಸ್ತಕ ತೆಗೆಯುತ್ತಾನೆ, ಗಿರಿಜಾ ಇಲ್ಲೇ ಇದ್ದಾಳೆ ಅಂತ ನನ್ನದೇ ಅಕ್ಷರ ತೋರಿಸುತ್ತಾನೆ. ಮುಂದಿನ ವಾರ ಅಂದುಕೊಂಡೆ. ಏಪ್ರಿಲ್ ಬಂತು, ನನ್ನ ಅತಿಥಿಗಿರಿ ಮುಗಿಯಿತು, ಗದಗಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅಕ್ಕೋರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಮೊದಲು ನಾನು ಏನು ಉಂಡೆ ಅಂತ ಕೇಳುತ್ತಿದ್ದರು, ಆಮೇಲೆ "ಯಾರರೆ ಬಂದಿದ್ರೇನವಾ?" ಅನ್ನುತ್ತಿದ್ದರು.

"ಕೇಳತೀನ್ರಿ ಅಕ್ಕೋರ" ಅನ್ನುತ್ತಿದ್ದೆ ನಾನು.

ಅವರು ಹೋಗಿ ಹುಡುಕಿದರೋ ಇಲ್ಲವೋ ಗೊತ್ತಿಲ್ಲ. ಆಮೇಲಾಮೇಲೆ ಫೋನ್ ಬರುವುದು ಕಡಿಮೆಯಾಯಿತು. ಮಂಡಿನೋವು, ಸಕ್ಕರೆ ಕಾಯಿಲೆ ಅಂತ ಯಾರೋ ಹೇಳಿದರು. ಮಣ್ಣಿಗೂ ನಾನು ಹೋಗಲಿಲ್ಲ. ಮೊಬೈಲಿನಲ್ಲಿ ಕೈಮುಗಿದ ಚಿತ್ರ ಕಳಿಸಿದೆ.

ನಿನ್ನೆ ಫ್ಲೆಕ್ಸಿನ ಹತ್ತು ಸಾಲು ಹಿಡಿದುಕೊಂಡು ಶಿರಹಟ್ಟಿಗೆ ಹೋದೆ. ಸರ್ವಾಂಗೀಣ ವಿಕಾಸವನ್ನೂ ಸಂತಸದಾಯಕ ವಾತಾವರಣವನ್ನೂ ಬರೆದಿದ್ದೆ. ಮಾಮಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಭಾಳ ಚಂದ ಬರದಿ" ಅಂದ. ಅವನೂ ಮುಂದಿನ ವರ್ಷ ನಿವೃತ್ತ. ಕಪಾಟಿನ ಕೀಲಿ ಈಗಲೂ ಅವನ ಜನಿವಾರದ ಹಾಗೆ ಕೊರಳಲ್ಲೇ, ಅಂಗಿಯ ಒಳಗೆ, ದಾರದಲ್ಲಿ ಜೋತಿದೆ. ಅಕ್ಕೋರ ಫೋಟೋ ಎಡಕ್ಕೆ ಇಡಲೋ ನಡುವೆ ಇಡಲೋ ಅಂತ ಕೇಳಿದ. ನಡುವೆ ಅಂದೆ. ಆಮೇಲೆ, ಸಾಲಿಯ ನಾಲಿಗೆ ಬಿಟ್ಟು ಮನೆಯ ನಾಲಿಗೆಯಲ್ಲಿ ಕೇಳಿದೆ. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಇದ್ದ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದೆ.

"ಮಾಮಾ, ಗಿರಿಜಾನ ಟಿ.ಸಿ. ಯಾರರೆ ಬಂದ ಒಯ್ದಾರೇನು, ಇಲ್ಲಾ ಇನ್ನೂ ನಿನ್ನ ಕಪಾಟಿನ್ಯಾಗ ಐತೋ?"